ಆಸ್ಪತ್ರೆ ಬೇಡವೆಂದ ಬಡಾವಣೆ

1991ರ ಜುಲೈ 19ರಂದು ಸುಪ್ರೀಂ ಕೋರ್ಟು ಬೆಂಗಳೂರಿನ ಒಂದು ವ್ಯಾಜ್ಯದ ತೀರ್ಪು ಕೊಟ್ಟಿತು. ಸ್ಯಾಂಕಿ ಕೆರೆಯ ಹತ್ತಿರ, ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಒಂದು ಬಯಲು ಜಾಗ. ಅಲ್ಲಿ ಆಸ್ಪತ್ರೆ ಕಟ್ಟಲು ಹೊರಟ ಒಂದು ಟ್ರಸ್ಟು. ಕೂಡದು ಎಂದ ಬಡಾವಣೆಯ ಜನ. ಗೆದ್ದದ್ದು ಬಡಾವಣೆಯ ಜನ. ‘ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ’ ಎಂಬ ಹೆಸರಿನ ಈ ಪ್ರಕರಣ ಕಾನೂನು ಓದಿದವರಿಗೆಲ್ಲ ಪರಿಚಿತ. ಪಾರ್ಕಿನ ಜಾಗದಲ್ಲಿ ಏನೋ ಏಳುತ್ತಿದೆ ಎಂದು ಯಾರಾದರೂ ಕೋರ್ಟಿಗೆ ಹೋದರೆ, ವಕೀಲರು ಮೊದಲು ಹುಡುಕುವ ತೀರ್ಪುಗಳಲ್ಲಿ ಇದೂ ಒಂದು. ಬೆಳಗಾದರೆ ಬಡಾವಣೆಯ ಪಾರ್ಕಿನಲ್ಲಿ ಸುತ್ತು ಹಾಕುವ ನಮ್ಮೂರಿನವರಿಗೇ ಇದರ ಹೆಸರು ಅಷ್ಟಾಗಿ ಗೊತ್ತಿಲ್ಲ.

ಬಡಾವಣೆಯವರು ತರುವ ಇಂಥ ಸ್ಮರಣ ಸಂಚಿಕೆಯಲ್ಲಿ ಪಾರ್ಕಿನ ಇತಿಹಾಸವೆಂದರೆ ಉದ್ಘಾಟನೆ ಯಾರದು, ಕಾರಂಜಿ ಯಾರ ಅನುದಾನದ್ದು, ಮುಳ್ಳುತಂತಿ ಹೋಗಿ ಗ್ರಿಲ್ ಬಂದದ್ದು ಯಾವಾಗ ಎಂಬ ಪಟ್ಟಿಯಾಗಿಬಿಡುತ್ತದೆ. ಅದೂ ಬೇಕಾದದ್ದೇ, ಬಲ್ಲವರು ಬರೆಯುತ್ತಾರೆ. ಈ ಲೇಖನ ಅದಕ್ಕೂ ಹಿಂದಿನ ಸಂಗತಿಯದು. ನಗರದೊಳಗೆ ಒಂದು ಚದರಡಿಗೆ ಇಷ್ಟು ಸಾವಿರವೆಂದು ಬೆಲೆ ಏರುತ್ತಿರುವಾಗ, ಬಾಡಿಗೆ ಬಾರದ, ಲಾಭ ತಾರದ ಈ ಜಾಗಗಳು ಉಳಿದದ್ದಾದರೂ ಹೇಗೆ? ಯಾರಿಂದ ಉಳಿದವು?

ಬೆಂಗಳೂರಿನಲ್ಲಿ ಬಡಾವಣೆ ಎಂಬ ವ್ಯವಸ್ಥೆಯ ಜೊತೆಜೊತೆಗೇ ಪಾರ್ಕೂ ಬಂತು. 1898ರ ಪ್ಲೇಗು ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ ನುಗ್ಗಿದಾಗ, ಗಾಳಿ ಬೆಳಕು ಬರುವಂತೆ ಊರು ಕಟ್ಟಬೇಕೆಂಬ ಮಾತಿಗೆ ತೂಕ ಬಂತು. ಆಗತಾನೆ ರೂಪುಗೊಳ್ಳುತ್ತಿದ್ದ ಮಲ್ಲೇಶ್ವರ, ಬಸವನಗುಡಿಗಳತ್ತ ಜನ ಹೊರಟರು. 1945ರ ಬೆಂಗಳೂರು ನಗರ ಸುಧಾರಣಾ ಕಾಯ್ದೆ ಬಂದ ಮೇಲೆ ಬಡಾವಣೆ ಮಾಡುವ ಕೆಲಸಕ್ಕೇ ಒಂದು ಮಂಡಳಿ ಹುಟ್ಟಿತು. ಹಳಬರು ಇಂದಿಗೂ ಸಿಐಟಿಬಿ ಎನ್ನುವುದು ಅದನ್ನೇ. ಅದು ಮಾಡಿದ ಪ್ರತಿ ಯೋಜನೆಗೂ ಒಂದು ನಕ್ಷೆ. ನಕ್ಷೆಯಲ್ಲಿ ಸೈಟುಗಳಿಗೆ ನಂಬರು, ರಸ್ತೆಗಳಿಗೆ ಅಗಲದ ಅಳತೆ, ನಡುನಡುವೆ ಪಾರ್ಕು, ಆಟದ ಮೈದಾನವೆಂದು ಬಿಟ್ಟ ಜಾಗ. ಸೈಟು ಕೊಂಡವರು ಕೊಂಡದ್ದು ಬರೀ ನಲವತ್ತು-ಅರವತ್ತರ ನೆಲವನ್ನಲ್ಲ; ಎದುರಿನ ರಸ್ತೆಯನ್ನೂ, ಆ ಮೂಲೆಯ ಬಯಲನ್ನೂ ನಂಬಿಯೇ ದುಡ್ಡು ಕಟ್ಟಿದ್ದರು.

ರಾಜಮಹಲ್ ವಿಲಾಸದ ಯೋಜನೆಯೂ ಇದೇ 1945ರ ಕಾಯ್ದೆಯಡಿ ಆದದ್ದು. ಆ ಯೋಜನೆಯಲ್ಲಿ ಪಾರ್ಕು ಅಥವಾ ಮೈದಾನಕ್ಕೆಂದು ಉಳಿದಿದ್ದುದು ಇದೊಂದೇ ಜಾಗ ಎಂಬುದು ನಿವಾಸಿಗಳ ವಾದ. 1976ರಲ್ಲಿ ಎರಡು ಸಂಗತಿಗಳು ಒಂದರ ಹಿಂದೊಂದು ನಡೆದವು. ಸಿಐಟಿಬಿ ಜಾಗದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ ಬಂತು. ಅದೇ ವರ್ಷ ಸರ್ಕಾರದ ಆದೇಶದಂತೆ ಬಿಡಿಎ ಠರಾವು ಮಾಡಿ, ಪಾರ್ಕಿನ ಜಾಗವನ್ನು ಆಸ್ಪತ್ರೆ ಕಟ್ಟಲು ಟ್ರಸ್ಟಿಗೆ ಹಂಚಿಕೆ ಮಾಡಿತು. ಕಡತ ಕೆಳಗಿನಿಂದ ಮೇಲೆ ಹತ್ತಲಿಲ್ಲ, ಮೇಲಿನಿಂದ ಕೆಳಗಿಳಿಯಿತು. ಮುಖ್ಯಮಂತ್ರಿಗಳ ಮಟ್ಟದಲ್ಲಿ ಮೊದಲು ತೀರ್ಮಾನವಾಗಿ, ಯೋಜನೆಯನ್ನು ಕಾಯಬೇಕಾಗಿದ್ದ ಪ್ರಾಧಿಕಾರ ಅದಕ್ಕೆ ಮೊಹರು ಒತ್ತಿತು. ಈ ಕ್ರಮವನ್ನು ಮುಂದೆ ಸುಪ್ರೀಂ ಕೋರ್ಟು ಎತ್ತಿ ತೋರಿಸಿ ಪ್ರಶ್ನಿಸಿತು.

ನಿವಾಸಿಗಳ ಜಾಗದಲ್ಲಿ ನಿಂತು ಒಂದು ಕ್ಷಣ ಯೋಚಿಸಿ. ಎದುರಿಗಿರುವುದು ಸಾರಾಯಿ ಅಂಗಡಿಯಲ್ಲ, ಗೋದಾಮಲ್ಲ, ಯಾರದೋ ಬಂಗಲೆಯಲ್ಲ. ಆಸ್ಪತ್ರೆ. ಆಸ್ಪತ್ರೆ ಬೇಡವೆಂದು ಬಾಯಿಬಿಟ್ಟು ಹೇಳುವುದು ಹೇಗೆ? ಹೇಳಿದರೆ ಊರು ಏನೆಂದೀತು? ‘ದೊಡ್ಡ ದೊಡ್ಡ ಮನೆ ಕಟ್ಟಿಕೊಂಡವರು, ನಾಯಿ ಅಡ್ಡಾಡಿಸೋಕೆ ಜಾಗ ಬೇಕಂತೆ’ ಎಂಬ ಮಾತು ಬರದೇ ಇರುತ್ತದೆಯೇ? ಇಂಥ ಮಾತಿಗೆ ಹೆದರಿಯೇ ಎಷ್ಟೋ ಕಡೆ ಜನ ಸುಮ್ಮನಾಗುತ್ತಾರೆ. ರಾಜಮಹಲ್ ವಿಲಾಸದವರು ಸುಮ್ಮನಾಗಲಿಲ್ಲ, ಹೈಕೋರ್ಟಿಗೆ ಹೋದರು.

ಮೊದಲ ಸುತ್ತಿನಲ್ಲಿ ಸೋತರು. ಏಕಸದಸ್ಯ ಪೀಠದ ತರ್ಕ ಸರಳವಾಗಿತ್ತು: ಆಸ್ಪತ್ರೆಯೂ ನಾಗರಿಕ ಸೌಲಭ್ಯವೇ, ಹಂಚಿಕೆಯಲ್ಲಿ ತಪ್ಪಿಲ್ಲ. ಮೇಲ್ಮನವಿಯಲ್ಲಿ ವಿಭಾಗೀಯ ಪೀಠ ಇದನ್ನು ಒಪ್ಪಲಿಲ್ಲ. ಮಂಜೂರಾದ ಯೋಜನೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಬೇರೆಡೆ ತಿರುಗಿಸಿ ಖಾಸಗಿ ಸಂಸ್ಥೆಗೆ ಕೊಡಲು ಕಾಯ್ದೆಯಲ್ಲಿ ದಾರಿಯಿಲ್ಲ, ಉದ್ದೇಶ ಆಸ್ಪತ್ರೆಯೇ ಆಗಿದ್ದರೂ ಅಷ್ಟೇ ಎಂದಿತು. ಟ್ರಸ್ಟು ದೆಹಲಿಗೆ ಹೋಯಿತು.

ಸುಪ್ರೀಂ ಕೋರ್ಟಿನಲ್ಲಿ ಪೀಠದಲ್ಲಿದ್ದವರು ನ್ಯಾಯಮೂರ್ತಿಗಳಾದ ಟಿ.ಕೆ. ತೊಮ್ಮೆನ್ ಮತ್ತು ಆರ್.ಎಂ. ಸಹಾಯ್. ಇಬ್ಬರೂ ಬೇರೆಬೇರೆಯಾಗಿ ಬರೆದು ಒಂದೇ ತೀರ್ಮಾನಕ್ಕೆ ಬಂದರು. ಟ್ರಸ್ಟಿನ ಪರ ವಾದಗಳನ್ನು ಇಂದು ಓದಿದರೂ, ವಾರ್ಡ್ ಕಚೇರಿಯಲ್ಲಿ ಕೇಳಿದ ಮಾತುಗಳಂತೆಯೇ ಅನ್ನಿಸುತ್ತವೆ. ಒಂದು, ಆಸ್ಪತ್ರೆ ಸಾರ್ವಜನಿಕರ ಒಳಿತಿಗೇ ಇರುವುದು. ಎರಡು, ಜಾಗ ಯಾವುದಕ್ಕೆ ಬಳಸಬೇಕೆಂಬುದು ಪ್ರಾಧಿಕಾರದ ವಿವೇಚನೆ. ನಿರ್ದೇಶನ ಕೊಡುವ ಅಧಿಕಾರ ಸರ್ಕಾರಕ್ಕಿದೆ. ಮೂರು, ಅರ್ಜಿ ಹಾಕಿದವರಿಗೆ ಇದರಿಂದ ಏನು ನಷ್ಟ? ಕೇಳಲು ಅವರು ಯಾರು?

ಈ ಮೂರನೆಯದಕ್ಕೆ ಕೋರ್ಟು ಕೊಟ್ಟ ಉತ್ತರವೇ ನಮ್ಮಂಥವರಿಗೆ ಬಂದ ಆಸ್ತಿ. ಬಡಾವಣೆಯಲ್ಲಿ ವಾಸಿಸುವವನಿಗೆ ಅಲ್ಲಿನ ಪಾರ್ಕಿನ ವಿಷಯದಲ್ಲಿ ಕೇಳುವ ಹಕ್ಕು ಇದ್ದೇ ಇದೆ. ಕಾಯ್ದೆ ಮಾಡಿರುವುದೇ ಅವನಿಗಾಗಿ. ಅದು ಮುರಿದಾಗ ತನ್ನ ಗೋಡೆ ಬಿದ್ದಿತೆಂದೋ ತನ್ನ ಬಾವಿ ಬತ್ತಿತೆಂದೋ ತೋರಿಸಬೇಕಾಗಿಲ್ಲ. ಅಲ್ಲಿಯವರೆಗೆ ಪಾರ್ಕೆಂದರೆ ಸರ್ಕಾರ ಮನಸ್ಸು ಬಂದಾಗ ಕೊಡುವ, ಮನಸ್ಸು ಕೆಟ್ಟಾಗ ಕಿತ್ತುಕೊಳ್ಳುವ ಕೊಡುಗೆಯೆಂದು ಅಧಿಕಾರಿಗಳು ಮಾತ್ರವಲ್ಲ, ಜನರೂ ನಂಬಿದ್ದರು.

ಸರ್ಕಾರದ ಅಧಿಕಾರದ ಬಗೆಗಿನ ಮಾತೂ ಅಷ್ಟೇ ಮುಖ್ಯ. ಬಿಡಿಎ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಸರ್ಕಾರ ಪ್ರಾಧಿಕಾರಕ್ಕೆ ನಿರ್ದೇಶನ ಕೊಡಬಹುದು, ನಿಜ. ಆದರೆ ಅದು ಕಾಯ್ದೆಯ ಉದ್ದೇಶವನ್ನು ನಡೆಸಲಿಕ್ಕೆ, ಕೆಡಿಸಲಿಕ್ಕಲ್ಲ. ಯೋಜನೆಯನ್ನು ಬದಲಿಸುವ ಅವಕಾಶ 19ನೇ ಸೆಕ್ಷನ್ನಿನಲ್ಲಿದೆ. ಅದೂ ಯೋಜನೆ ಇನ್ನಷ್ಟು ಸುಧಾರಿಸುವಂತಿದ್ದರೆ ಮಾತ್ರ. ಇದ್ದ ಪಾರ್ಕನ್ನು ಇಲ್ಲವಾಗಿಸುವುದು ಸುಧಾರಣೆಯಲ್ಲ. ನಾಗರಿಕ ಸೌಲಭ್ಯದ ಜಾಗ ಬೇರೆ, ಪಾರ್ಕಿನ ಜಾಗ ಬೇರೆ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಬರೆಯುವಂತಿಲ್ಲ. ವಿವೇಚನೆಯೆಂದರೆ ಮನಬಂದಂತೆ ನಡೆಯುವುದಲ್ಲ ಎಂಬುದನ್ನೂ ಕೋರ್ಟು ಬಿಡಿಸಿ ಹೇಳಿತು.

ಸಹಾಯ್ ಅವರ ಬರವಣಿಗೆಯಲ್ಲಿ ಒಂದು ಕಡೆ ಪಾರ್ಕಿನ ಇತಿಹಾಸವೇ ಇಣುಕುತ್ತದೆ. ಹಿಂದೆ ತೋಟ, ಉದ್ಯಾನಗಳೆಂದರೆ ರಾಜರದೋ ಸಿರಿವಂತರದೋ ಸ್ವತ್ತು. ಒಳ್ಳೆಯ ಗಾಳಿಯೂ ಕೆಲವರ ಸವಲತ್ತಾಗಿತ್ತು. ಸಾಮಾನ್ಯನಿಗೂ ಬೆಲೆಯುಂಟೆಂಬ ವಿಚಾರ ಬೆಳೆದ ಹತ್ತೊಂಬತ್ತು, ಇಪ್ಪತ್ತನೆಯ ಶತಮಾನಗಳಲ್ಲಿ ಸಾರ್ವಜನಿಕ ಪಾರ್ಕು ಬಂತು, ಅದು ಜನ ತಮಗೆ ತಾವೇ ಕೊಟ್ಟುಕೊಂಡದ್ದು ಎಂಬರ್ಥದಲ್ಲಿ ಬರೆಯುತ್ತಾರೆ. ಇನ್ನೊಂದು ಕಡೆ, ಬಯಲಿಲ್ಲದ ಊರಿನಲ್ಲಿ ಬರುವ ಕಾಯಿಲೆಯನ್ನು ನರ್ಸಿಂಗ್ ಹೋಮ್ ವಾಸಿ ಮಾಡೀತು, ಆದರೆ ಕಾಯಿಲೆ ಬಾರದಂತೆ ನೋಡಿಕೊಳ್ಳುವುದಲ್ಲವೇ ಮೇಲು ಎಂಬ ಧಾಟಿಯ ಮಾತಿದೆ. ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದವರಿಗೆ ಈ ಸಾಲುಗಳನ್ನು ಓದಿ ಏನನ್ನಿಸಿತೋ!

ವ್ಯಾಜ್ಯ ನಡೆಯುತ್ತಿರುವಾಗಲೇ, 1984ರಲ್ಲಿ, ವಿಧಾನಮಂಡಲ ಬಿಡಿಎ ಕಾಯ್ದೆಗೆ ತಿದ್ದುಪಡಿ ತಂದಿತು. ಹೊಸ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇ. 15 ಪಾರ್ಕು-ಮೈದಾನಗಳಿಗೆ, ಅದಲ್ಲದೆ ಶೇ. 10 ನಾಗರಿಕ ಸೌಲಭ್ಯಗಳಿಗೆ ಬಿಡಲೇಬೇಕೆಂದಾಯಿತು. ಹಾಗೆ ಬಿಟ್ಟ ಜಾಗವನ್ನು ಪ್ರಾಧಿಕಾರ ಬೇರೆ ಉದ್ದೇಶಕ್ಕೆ ಮಾರಿದರೆ, ಕೊಟ್ಟರೆ ಅದು ಅಸಿಂಧು ಎಂಬ 38ಎ ಸೆಕ್ಷನ್ ಸೇರಿತು. ಮರುವರ್ಷ, 1985ರಲ್ಲಿ, ಕರ್ನಾಟಕ ಪಾರ್ಕುಗಳು, ಆಟದ ಮೈದಾನಗಳು ಮತ್ತು ತೆರೆದ ಜಾಗಗಳ ಸಂರಕ್ಷಣಾ ಕಾಯ್ದೆ ಬಂತು. ಪ್ರತಿ ಸ್ಥಳೀಯ ಸಂಸ್ಥೆಯೂ ತನ್ನ ವ್ಯಾಪ್ತಿಯ ಪಾರ್ಕು, ಮೈದಾನ, ಬಯಲುಗಳ ಪಟ್ಟಿ ಮಾಡಬೇಕೆಂದು ಇದು ಹೇಳುತ್ತದೆ. ಓದಲು ಒಣಕಲೆನಿಸುವ ಈ ಪಟ್ಟಿಯ ಮಾತನ್ನು ನೆನಪಿಡಿ, ಮುಂದೆ ಬರುತ್ತದೆ.

ಈ ಪ್ರಕರಣವನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣ ಇದೆ. ಪಾರ್ಕಿನ ರಕ್ಷಣೆಯೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಭೂಗಳ್ಳ. ರಾತ್ರೋರಾತ್ರಿ ಕಾಂಪೌಂಡು ಎಬ್ಬಿಸುವವನು, ನಕಲಿ ಪತ್ರ ಹಿಡಿದು ಬರುವವನು. ಅಂಥವರೂ ಇದ್ದಾರೆ, ಆದರೆ ಅವರೊಡನೆ ಜಗಳಾಡುವುದು ಸುಲಭ. ಊರೆಲ್ಲ ನಮ್ಮ ಕಡೆ ನಿಲ್ಲುತ್ತದೆ. ಕಷ್ಟವಾಗುವುದು ಒಳ್ಳೆಯ ಕೆಲಸಗಳ ಮುಂದೆ. ಕೋರ್ಟಿನ ದಾಖಲೆಗಳನ್ನು ತಿರುವಿದರೆ ಪಾರ್ಕಿನ ಮೇಲೆ ಕಣ್ಣಿಟ್ಟವುಗಳಲ್ಲಿ ಹೆಚ್ಚಿನವು ಒಳ್ಳೆಯ ಕೆಲಸಗಳೇ. ಇಲ್ಲಿ ಆಸ್ಪತ್ರೆ. ಹರಿಯಾಣದ ಥಾನೇಸರದಲ್ಲಿ ನಗರಯೋಜನೆಯಂತೆ ತೆರೆದಿಟ್ಟ ಜಾಗವನ್ನು ಪುರಸಭೆ ಒಂದು ಸಂಸ್ಥೆಗೆ ಧರ್ಮಶಾಲೆ ಕಟ್ಟಲು ಗುತ್ತಿಗೆಗೆ ಕೊಟ್ಟಿತ್ತು. 1994ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ದೆಹಲಿಯ ಸರಿತಾ ವಿಹಾರದಲ್ಲಿ ಪಾರ್ಕಿನ ಜಾಗಕ್ಕೆ ಬಂದದ್ದು ಪುಟ್ಟ ಮಕ್ಕಳ ನರ್ಸರಿ ಶಾಲೆ. 1995ರಲ್ಲಿ ಆ ಹಂಚಿಕೆಯೂ ರದ್ದಾಯಿತು. ಲಕ್ನೋದ ಅಮೀನಾಬಾದಿನಲ್ಲಿ ಸ್ವಾತಂತ್ರ್ಯ ಹೋರಾಟದ ನೆನಪು ಹೊತ್ತ ಝಂಡೇವಾಲಾ ಪಾರ್ಕಿನ ನೆಲದಡಿ ಅಂಗಡಿ ಸಂಕೀರ್ಣ ಅಗೆದು ಕಟ್ಟಿದರು. ಅಲ್ಲೂ ಕೊಟ್ಟ ಕಾರಣ ಪೇಟೆಯ ಇಕ್ಕಟ್ಟು ಕಡಿಮೆಯಾಗಲಿ ಎಂಬುದು. 1999ರಲ್ಲಿ ಕೋರ್ಟು, ಕಟ್ಟಿದ್ದನ್ನು ಕೆಡವಿ ಪಾರ್ಕನ್ನು ಮೊದಲಿನಂತೆ ಮಾಡಿಕೊಡಿ ಎಂದಿತು.

ಧರ್ಮಶಾಲೆ, ಶಾಲೆ, ಆಸ್ಪತ್ರೆ, ಮಾರುಕಟ್ಟೆ. ಇವುಗಳಲ್ಲಿ ಯಾವುದನ್ನು ಬೇಡವೆನ್ನುತ್ತೀರಿ? ಬೇಡವೆನ್ನಬೇಕಾದದ್ದು ಅವುಗಳನ್ನಲ್ಲ, ಅವುಗಳಿಗೆ ಆ ಜಾಗವನ್ನು. ಇಷ್ಟು ಸಣ್ಣ ವ್ಯತ್ಯಾಸವನ್ನು ಸಭೆಯಲ್ಲಿ ನಿಂತು ನಾಲ್ಕು ಜನರಿಗೆ ಅರ್ಥವಾಗುವಂತೆ ಹೇಳಲು ಬರಬೇಕು. ಪಾರ್ಕಿನ ಸಮಿತಿಯಲ್ಲಿರುವವರ ಮೊದಲ ಅರ್ಹತೆಯೇ ಇದು ಎಂಬುದು ನನ್ನ ಅಭಿಪ್ರಾಯ. ಗಿಡ ನೆಡಲೂ ಬಂದರೆ ಅದು ಮೇಲಿನ ಲಾಭ.

ಬಡಾವಣೆಯ ಮಟ್ಟದಲ್ಲಿ ಪಾರ್ಕು ಕರಗುವುದು ಇಷ್ಟು ದೊಡ್ಡ ಗದ್ದಲದಿಂದಲ್ಲ. ಒಂದು ಮಾದರಿ ನೋಡಿ. ಬೆಂಗಳೂರಿನಲ್ಲಿ ನಾಲ್ಕು ಪಾರ್ಕು ಸುತ್ತಿದವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಮೂಲೆಯ ಅಶ್ವತ್ಥದ ಬುಡದಲ್ಲಿ ಯಾರೋ ಎರಡು ನಾಗರಕಲ್ಲು ತಂದಿಡುತ್ತಾರೆ. ಅರಿಶಿನ ಕುಂಕುಮ ಬೀಳುತ್ತದೆ. ಮಳೆಗೆ ದೀಪ ಆರದಿರಲೆಂದು ಒಂದು ತಗಡಿನ ಮಾಡು. ಕೂರಲು ಅನುಕೂಲವಾಗಲೆಂದು ಕಟ್ಟೆಗೆ ಸಿಮೆಂಟು, ಮರುವರ್ಷ ಗ್ರಾನೈಟು. ಆಮೇಲೆ ಹುಂಡಿ, ಹುಂಡಿ ಕಾಯಲು ಒಂದು ಕಬ್ಬಿಣದ ಬಾಗಿಲು, ಬಾಗಿಲಿಗೆ ಬೀಗ. ಪಾರ್ಕಿನ ಕಡೆಯ ಬಾಗಿಲು ಮುಚ್ಚಿ ರಸ್ತೆಯ ಕಡೆಗೊಂದು ತೆರೆದ ದಿನ, ಅಷ್ಟು ನೆಲ ಪಾರ್ಕಿನದಲ್ಲ. ಇಷ್ಟರಲ್ಲಿ ಯಾವ ಹಂತದಲ್ಲಿ ಆಕ್ಷೇಪಿಸಬೇಕಿತ್ತು? ನಾಗರಕಲ್ಲು ಇಟ್ಟಾಗ ಹೇಳಿದ್ದರೆ ನಾಸ್ತಿಕರೆನಿಸಿಕೊಳ್ಳುತ್ತಿದ್ದರು; ಗ್ರಾನೈಟು ಬಂದಾಗ ಹೇಳಿದ್ದರೆ ‘ಇಷ್ಟು ದಿನ ಎಲ್ಲಿದ್ರಿ ಸ್ವಾಮಿ?’ ಎನ್ನಿಸಿಕೊಳ್ಳುತ್ತಿದ್ದರು.

ಸರ್ಕಾರಿ ರೂಪದ ಕರಗುವಿಕೆಯೂ ಇದೇ ನಡಿಗೆಯದು. ಒಂದು ಹಾಲಿನ ಬೂತು, ಒಂದು ಟ್ರಾನ್ಸ್‌ಫಾರ್ಮರ್, ಕುಡಿಯುವ ನೀರಿನ ಘಟಕ, ನೆಲಮಟ್ಟದ ನೀರಿನ ತೊಟ್ಟಿ, ವಾರ್ಡಿನ ಆಫೀಸು, ಹಿರಿಯರ ಕೊಠಡಿ, ರಂಗಮಂದಿರ. ಗುದ್ದಲಿಪೂಜೆಗೆ ಪಾರ್ಕಿನಷ್ಟು ಅನುಕೂಲದ ಜಾಗ ಬೇರೆಲ್ಲಿದೆ? ಭೂಸ್ವಾಧೀನವಿಲ್ಲ, ಪರಿಹಾರವಿಲ್ಲ, ತಂಟೆ ಮಾಡುವ ಪಕ್ಕದ ಜಮೀನುದಾರನಿಲ್ಲ. ಅನುದಾನ ಮಾರ್ಚಿ ಒಳಗೆ ಖರ್ಚಾಗಬೇಕೆಂದಾಗ ಇಂಜಿನಿಯರಿನ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಸಾಲದ್ದಕ್ಕೆ ನಡೆಯುವವರೇ ಅರ್ಜಿ ಕೊಡುತ್ತಾರೆ: ಮಣ್ಣಿನ ದಾರಿಗೆ ಪೇವರ್ ಹಾಕಿಸಿ, ದಾರಿ ಅಗಲ ಮಾಡಿಸಿ, ಜಿಮ್ಮು ಕೂರಿಸಿ. ಕೊನೆಗೆ ಗಿಡಗಳಿಗೆ ಉಳಿಯುವುದು ದಾರಿಗಳ ನಡುವಿನ ಸಂದು. ಮರದ ಬುಡದವರೆಗೆ ಕಲ್ಲು ಹೊಂದಿಸಿದರೆ ನೀರು ಇಳಿಯುವುದೆಲ್ಲಿ? ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಮರ ತುದಿಯಿಂದ ಒಣಗತೊಡಗುತ್ತದೆ, ಗಾಳಿಮಳೆಗೆ ಬೀಳುತ್ತದೆ. ಆಗ ‘ಅಪಾಯಕಾರಿ ಮರ’ವೆಂದು ಉಳಿದವನ್ನೂ ಕಡಿಯಲು ಕೋರುವವರು ನಾವೇ.

ಮರದ ಮಾತು ಬಂದದ್ದರಿಂದ ಎಸ್.ಜಿ. ನೇಗಿನಹಾಳರನ್ನು ನೆನೆಯದೆ ಮುಂದೆ ಹೋಗಲಾಗದು. 1980ರ ದಶಕದಲ್ಲಿ ಬೆಂಗಳೂರಿನ ರಸ್ತೆ, ಬಡಾವಣೆಗಳಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದ ಅರಣ್ಯಾಧಿಕಾರಿ ಅವರು. ಸಸಿ ನೆಡುವುದು ಇಲಾಖೆಯ ಕೆಲಸ, ಬೆಳೆಸುವುದು ಎದುರು ಮನೆಯವರ ಕೆಲಸ ಎಂದು ಅರಿತು, ಜನರನ್ನು ಸೇರಿಸಿಕೊಂಡೇ ಮಾಡಿದರು. ಅಷ್ಟೊತ್ತಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯೂ ಬಂದಿತ್ತು. ಅದರಡಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಒಂದೇ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಲೇಬೇಕೆಂಬ ನಿಯಮ ಆಮೇಲೆ ಸೇರಿತು. ಇಂದು ಯಾವುದಾದರೂ ರಸ್ತೆಯ ಮರಗಳಿಗೆ ನಂಬರಿನ ಕಾಗದ ಅಂಟಿಸಿದ್ದು ಕಂಡರೆ ನಡೆಯುವವರು ನಿಂತು ಓದುತ್ತಾರಲ್ಲ, ಆ ರೂಢಿ ಬಂದದ್ದು ಹೀಗೆ.

ದೊಡ್ಡ ಪಾರ್ಕುಗಳ ಕಥೆಯನ್ನು ಬೇಗ ಮುಗಿಸುತ್ತೇನೆ. ಅವುಗಳಿಗೆ ಪತ್ರಿಕೆಗಳ ಕಾವಲಿದೆ. 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕಿಗೂ ಲಾಲ್‌ಬಾಗಿಗೂ 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆಯ ರಕ್ಷೆ ಇದೆ. ಆದರೂ 1998ರಲ್ಲಿ ಸರ್ಕಾರ ಕಬ್ಬನ್ ಪಾರ್ಕಿನ ಒಂದು ಭಾಗವನ್ನು ಆ ವ್ಯಾಪ್ತಿಯಿಂದ ಕೈಬಿಡಲು ಹೊರಟಿತು. ಸಾಹಿತಿಗಳು, ರಂಗಭೂಮಿಯವರು, ವಾಕಿಂಗಿಗೆ ಬರುವ ನಿವೃತ್ತರು ಎಲ್ಲ ಸೇರಿ ಬೀದಿಗಿಳಿದರು, ಕೋರ್ಟಿಗೂ ಹೋದರು. 2009ರಲ್ಲಿ ಮೆಟ್ರೊ ಮಾರ್ಗಕ್ಕಾಗಿ ಜಯನಗರದ ನಂದಾ ರಸ್ತೆ, ಲಕ್ಷ್ಮಣರಾವ್ ಪಾರ್ಕಿನ ಮರಗಳಿಗೆ ಕೊಡಲಿ ಬಿದ್ದಾಗ ‘ಹಸಿರು ಉಸಿರು’ ಬಳಗದವರು ಅಲ್ಲಿ ನಿಂತರು. ಮೆಟ್ರೊ ಬಂತು, ಮರ ಹೋದವು. ಅಲ್ಲಿ ಪಾರ್ಕಿನ ಎದುರು ನಿಂತದ್ದೂ ಒಳ್ಳೆಯ ಕೆಲಸವೇ, ಅದೂ ಊರಿಗೆಲ್ಲ ಬೇಕಾದದ್ದು. ಅಲ್ಲಿ ಪ್ರತಿಭಟಿಸಿದವರಲ್ಲಿ ಎಷ್ಟೋ ಮಂದಿ ಇಂದು ಅದೇ ರೈಲು ಹತ್ತುತ್ತಾರೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ರೈಲು ಬೇಡವೆಂದು ಯಾರೂ ಹೇಳಿರಲಿಲ್ಲ, ದಾರಿ ಯಾವುದೆಂದು ಮೊದಲೇ ನಮ್ಮನ್ನು ಕೇಳಬೇಕಿತ್ತು ಎಂದಿದ್ದರು.

ಸ್ಯಾಂಕಿ ಕೆರೆಯ ಸುತ್ತಲಿನವರಿಗೆ 2023ರ ಆರಂಭದಲ್ಲಿ ಇದೇ ಸರದಿ ಮತ್ತೆ ಬಂತು. ಕೆರೆಯ ಪಕ್ಕದ ರಸ್ತೆಗೆ ಮೇಲ್ಸೇತುವೆ ಹಾಕುವ, ಅದಕ್ಕಾಗಿ ಮರ ಕಡಿಯುವ ಯೋಜನೆ. ಮಲ್ಲೇಶ್ವರ, ಸದಾಶಿವನಗರ, ವೈಯಾಲಿಕಾವಲಿನವರು ಫಲಕ ಹಿಡಿದು ಮೌನವಾಗಿ ನಡೆದರು. ಹಾಗೆ ನಡೆದವರ ಮೇಲೆ ಪೊಲೀಸು ಕೇಸೂ ಆಯಿತು. ಮುದ್ದಪ್ಪ ಪ್ರಕರಣದ ಜಾಗಕ್ಕೂ ಈ ರಸ್ತೆಗೂ ಇರುವ ದೂರ ಬಹಳವೇನಲ್ಲ. ಒಂದೇ ನೆರೆಹೊರೆ ಎರಡು ತಲೆಮಾರಿನಲ್ಲಿ ಎರಡು ಸಲ ಎದ್ದು ನಿಂತದ್ದು ಕಾಕತಾಳೀಯ ಎನ್ನಿಸುವುದಿಲ್ಲ. ಒಮ್ಮೆ ಗೆದ್ದ ಊರಿಗೆ, ಕೇಳಿದರೆ ಉತ್ತರ ಸಿಗುತ್ತದೆ ಎಂಬ ನಂಬಿಕೆ ಉಳಿದಿರುತ್ತದೆ.

ಬರೀ ತಡೆಯುವುದೇ ಪಾಲನೆಯಾದೀತೇ? ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ನೆರೆಯವರು ಇನ್ನೊಂದು ದಾರಿ ತೋರಿಸಿದರು. ಒಂದು ಟ್ರಸ್ಟು ಮಾಡಿಕೊಂಡು 2011ರಲ್ಲಿ ಆಗಿನ ನಗರಪಾಲಿಕೆಯಾದ ಬಿಬಿಎಂಪಿಯೊಡನೆ ಒಪ್ಪಂದಕ್ಕೆ ಸಹಿ ಹಾಕಿ, ಕೆರೆಯ ನಿತ್ಯದ ನಿಗಾ ವಹಿಸಿಕೊಂಡರು. ಕಳೆ ತೆಗೆಸುವುದು, ನೀರು ಬರುವ ದಾರಿ ನೋಡುವುದು, ಹಕ್ಕಿಗಳ ಲೆಕ್ಕ ಇಡುವುದು. ಪಾರ್ಕಿನಲ್ಲೂ ಹೆಚ್ಚಿನ ಕೆಲಸ ಈ ಬಗೆಯದೇ. ಮಾಘ, ಫಾಲ್ಗುಣದಲ್ಲಿ ಹೊಂಗೆ, ಮಳೆಮರ, ಮಹಾಗನಿಗಳು ಎಲೆ ಉದುರಿಸುವಾಗ ದಿನಕ್ಕೆ ಹತ್ತಾರು ಮಂಕರಿ ತರಗೆಲೆ ಬೀಳುತ್ತದೆ. ಗುತ್ತಿಗೆಯ ಮಾಲಿಗೆ ಅದು ಕಸ; ಗುಡಿಸಿ ಮೂಲೆಯಲ್ಲಿ ಬೆಂಕಿ ಹಚ್ಚಿದರೆ ಕೆಲಸ ಮುಗಿಯಿತು. ಅದೇ ಎಲೆಯನ್ನು ತಂತಿಬಲೆಯ ತೊಟ್ಟಿಯಲ್ಲಿ ತುಂಬಿ, ಹುಳಿಮಜ್ಜಿಗೆ ಬೆರೆಸಿದ ನೀರೋ ಸಗಣಿ ನೀರೋ ಚಿಮುಕಿಸಿ, ವಾರಕ್ಕೊಮ್ಮೆ ತಿರುವಿ ಹಾಕಿದರೆ ಮಳೆಗಾಲದ ಹೊತ್ತಿಗೆ ಕಪ್ಪು ಗೊಬ್ಬರ. ಎಲೆ ಹೊದಿಸಿದ ನೆಲ ಏಪ್ರಿಲ್ ಬಿಸಿಲಲ್ಲೂ ತೇವ ಬಿಡುವುದಿಲ್ಲ. ಇದನ್ನು ಮಾಲಿಗೆ ಒಪ್ಪಿಸಲು ಭಾಷಣ ಸಾಲದು. ಅವನ ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆಯೇ, ಪೈಪು ಸೋರುತ್ತದೆಯೇ, ಸಲಕರಣೆ ಇಡಲು ಕೋಣೆ ಇದೆಯೇ ಎಂದು ಕೇಳುವವರು ಬೇಕು. ಪಾರ್ಕಿನ ಸಮಿತಿಗಳ ಠರಾವಿನಲ್ಲಿ ಕಾರಂಜಿ ಸಿಗುತ್ತದೆ, ಮಾಲಿಯ ಹೆಸರು ಸಿಗುವುದು ಅಪರೂಪ.

ಪಾಲನೆಗೆ ಇನ್ನೊಂದು ಮುಖವೂ ಇದೆ, ಅದು ಅಷ್ಟು ಚೆಂದದ್ದಲ್ಲ. ಗೇಟಿಗೆ ಬೀಗ. ಬೆಂಗಳೂರಿನ ಪಾರ್ಕುಗಳು ಬಹುಕಾಲ ಬೆಳಿಗ್ಗೆ ತೆರೆದು ಹತ್ತು ಹನ್ನೊಂದಕ್ಕೆ ಮುಚ್ಚಿ, ಸಂಜೆ ಮತ್ತೆ ತೆರೆಯುತ್ತಿದ್ದವು. ಅಂದರೆ ಮನೆಯಲ್ಲಿ ಫ್ಯಾನು ಇರುವವರ ಹೊತ್ತಿಗೆ ತೆರೆದು, ನೆರಳು ಬೇಕಾದವರ ಹೊತ್ತಿಗೆ ಮುಚ್ಚುತ್ತಿದ್ದವು. ನಡುಹಗಲು ಎರಡು ಮನೆಗಳ ಕೆಲಸದ ನಡುವೆ ಬಿಡುವಾದ ಹೆಂಗಸರು, ಗಾರೆ ಕೆಲಸದವರು, ಊಟ ಹೊತ್ತು ತರುವ ಹುಡುಗರು ಬುತ್ತಿ ಬಿಚ್ಚಲು ಕೂರುತ್ತಿದ್ದುದು ಪಾರ್ಕಿನ ಹೊರಗೆ, ಫುಟ್‌ಪಾತಿನ ಮೇಲೆ. ಒಳಗೆ ಕಲ್ಲುಬೆಂಚುಗಳು ಖಾಲಿ. ಎಷ್ಟೋ ಕಡೆ ಈ ಬೀಗವನ್ನು ಕೇಳಿ ಹಾಕಿಸಿಕೊಂಡವರು ನಿವಾಸಿಗಳ ಸಂಘದವರೇ: ಪುಂಡರು ಬರುತ್ತಾರೆ, ಜೋಡಿಗಳು ಕೂರುತ್ತಾರೆ, ಯಾರೋ ಮಲಗುತ್ತಾರೆ. 2024ರಲ್ಲಿ ಬಿಬಿಎಂಪಿ, ಪಾರ್ಕುಗಳು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕೆಂದು ಆದೇಶಿಸಿದಾಗ ಸ್ವಾಗತಿಸಿದವರಷ್ಟೇ ಗೊಣಗಿದವರೂ ಇದ್ದರು. ಸಿರಿವಂತರ ಸವಲತ್ತಾಗಿದ್ದದ್ದು ಎಲ್ಲರ ಪಾಲಿಗೆ ಬಂದ ಬಗೆಯನ್ನು ಸಹಾಯ್ ಅವರು ಬರೆದದ್ದು ರಾಜಮಹಲ್ ವಿಲಾಸದ ನಿವಾಸಿಗಳನ್ನು ಗೆಲ್ಲಿಸುತ್ತ. ಅದರ ಬಲದಿಂದ ಪಾರ್ಕು ಉಳಿಸಿಕೊಂಡ ನಾವು ಅದರ ಮತ್ತೊಂದು ಅರ್ಧವನ್ನು ಗೇಟಿನಾಚೆ ನಿಲ್ಲಿಸುವುದು ನ್ಯಾಯವಲ್ಲ. ಪುಂಡರ ಸಮಸ್ಯೆಗೆ ದೀಪ ಇದೆ, ಕಾವಲುಗಾರ ಇದ್ದಾನೆ, ಎಲ್ಲಕ್ಕಿಂತ ಮಿಗಿಲಾಗಿ ಜನ ತುಂಬಿದ ಪಾರ್ಕಿಗೆ ಪುಂಡರು ಬರುವುದು ಕಡಿಮೆ.

ಇನ್ನು ಪಟ್ಟಿಯ ವಿಷಯ. ಮುದ್ದಪ್ಪ ಪ್ರಕರಣ ಗೆದ್ದದ್ದು ಆ ಬಯಲಿನಲ್ಲಿ ಎಂಥ ಮರಗಳಿದ್ದವು ಎಂಬುದರಿಂದಲ್ಲ; ಮಂಜೂರಾದ ಯೋಜನೆಯಲ್ಲಿ ಅದು ಪಾರ್ಕೆಂದು ಬರೆದಿತ್ತು ಎಂಬುದರಿಂದ. ಹಾಗೆ ಬರೆದ ಕಾಗದ ಇಲ್ಲದ ಕಡೆ ಎಷ್ಟು ಹಸಿರಿದ್ದರೂ ವಾದ ತೊಡರುತ್ತದೆ. ಖಾಸಗಿ ಬಡಾವಣೆಗಳಲ್ಲಿ, ಸಹಕಾರ ಸಂಘಗಳು ಮಾಡಿದ ಬಡಾವಣೆಗಳಲ್ಲಿ ಈ ತೊಡಕು ಹೆಚ್ಚು. ನಕ್ಷೆಯಲ್ಲಿ ಪಾರ್ಕೆಂದಿದ್ದರೂ ಅದನ್ನು ಪಾಲಿಕೆಗೆ ಬಿಟ್ಟುಕೊಟ್ಟ ಪತ್ರ ಆಗಿರುವುದಿಲ್ಲ, ಖಾತಾ ಇನ್ನಾರದೋ ಹೆಸರಿನಲ್ಲೇ ಉಳಿದಿರುತ್ತದೆ, ಅಳತೆ ಒಂದೊಂದು ದಾಖಲೆಯಲ್ಲಿ ಒಂದೊಂದು. ಜಾಗದ ಒಡೆಯನ ಹೆಸರೂ ಈ ಊರಿನಲ್ಲಿ ನಿಲ್ಲುವುದಿಲ್ಲ. ಸಿಐಟಿಬಿ ಹೋಗಿ ಬಿಡಿಎ, ಬಿಡಿಎಯಿಂದ ಮಹಾನಗರ ಪಾಲಿಕೆ, 2007ರಲ್ಲಿ ಬಿಬಿಎಂಪಿ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು. ಒಂದೊಂದು ಸಲ ಬೋರ್ಡು ಬದಲಾದಾಗಲೂ ಕಡತಗಳು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಗೋಣಿಚೀಲದಲ್ಲಿ ಪಯಣಿಸುತ್ತವೆ. ರಾಜಮಹಲ್ ವಿಲಾಸದ ಜಾಗ ಕೈಜಾರಿದ್ದೂ ಇಂಥ ಒಂದು ಬದಲಾವಣೆಯ ವರ್ಷದಲ್ಲೇ ಎಂಬುದನ್ನು ಮರೆಯಬಾರದು.

ಆದ್ದರಿಂದ ಈ ಸಂಚಿಕೆ ತರುತ್ತಿರುವವರಿಗೂ ಓದುತ್ತಿರುವವರಿಗೂ ಒಂದು ಕೆಲಸ ಬಾಕಿ ಇದೆ. ಮಂಜೂರಾದ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿ, ಪಾರ್ಕಿನ ಸರ್ವೆ ನಂಬರು, ನಾಲ್ಕು ದಿಕ್ಕಿನ ಚಕ್ಕುಬಂದಿ, ಅಳತೆ, ಹಸ್ತಾಂತರ ಪತ್ರ, 1985ರ ಕಾಯ್ದೆಯ ಪಟ್ಟಿಯಲ್ಲಿ ಅದರ ಕ್ರಮಸಂಖ್ಯೆ. ಇಷ್ಟನ್ನೂ ಮಾಹಿತಿ ಹಕ್ಕಿನಡಿ ಪಡೆದು ಮೂರು ಪ್ರತಿ ಮಾಡಿಸಿ, ಮೂರು ಮನೆಗಳಲ್ಲಿ ಇಡಬೇಕು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸೇರಿಸಿ ಎಂದು ಲಿಖಿತವಾಗಿ ಕೇಳಬೇಕು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಐದು ಪಾಲಿಕೆಗಳಲ್ಲಿ ನಮ್ಮ ವಾರ್ಡು ಯಾವುದಕ್ಕೆ ಸೇರಿತು, ತೋಟಗಾರಿಕೆ ವಿಭಾಗದ ಕಡತ ಈಗ ಯಾರ ಮೇಜಿನ ಮೇಲಿದೆ ಎಂಬುದನ್ನು ಮೊದಲು ವಿಚಾರಿಸಿ. ಪತ್ತೆಯಾದರೆ ಅಧಿಕಾರಿಯ ಹುದ್ದೆಯನ್ನು ಈ ಸಂಚಿಕೆಯ ಹಿಂಬದಿಯ ರಕ್ಷಾಪುಟದಲ್ಲಿ ಅಚ್ಚು ಹಾಕಬಹುದು. ಅಲ್ಲಿ ಜಾಹೀರಾತಿಗೆಂದು ಬಿಟ್ಟ ಜಾಗ ಇನ್ನೂ ಖಾಲಿ ಇದೆಯಂತೆ.